ವೆಂಕಟೇಶಮೂರ್ತಿಗಳ ಜನ್ಮದಿನಾಂಕ

ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿನಲ್ಲಿರುವ ಮಗಳ ಮನೆಯಲ್ಲಿ ಬೆಳಗಿನ ಹತ್ತು ಗಂಟೆಗೆ ಫೋನು ಬಂದಾಗ ವೆಂಕಟೇಶಮೂರ್ತಿಗಳು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಗಂಟಲು ಸರಿಮಾಡಿಕೊಂಡರು. ಗೊತ್ತಿಲ್ಲದ ನಂಬರು. ಇಂಥ ಫೋನಿಗೆ ಅವರು ಎರಡು ತಿಂಗಳಿಂದ ಕಾಯುತ್ತಿದ್ದರು.

ಎರಡು ತಿಂಗಳ ಹಿಂದೆ, ‘ನಿಮ್ಮ ಪಾರ್ಸೆಲ್ ದಾರಿಯಲ್ಲಿ ನಿಂತಿದೆ, ಇಲ್ಲಿ ಒತ್ತಿ’ ಎಂದು ಬಂದ ಮೆಸೇಜನ್ನು ನಂಬಿ ಅವರು ಒತ್ತಿಬಿಟ್ಟಿದ್ದರು. ಮನೆಯ ಲ್ಯಾಪ್‌ಟಾಪಿಗೆ ಏನೋ ರೋಗ ಹತ್ತಿ, ಅಳಿಯ ಅಶ್ವಿನ್ ಒಂದು ದಿನ ರಜೆ ಹಾಕಿ ಅದನ್ನು ಬದುಕಿಸಿಕೊಂಡ. ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಮಗಳು ಅಪರ್ಣಾ, “ಅಪ್ಪ, ಯಾರು ಕೇಳಿದ್ರೂ ಡೇಟ್ ಆಫ್ ಬರ್ತ್ ಕೊಡಬೇಡಿ, ಕೋಡ್ ಹೇಳಬೇಡಿ” ಎಂದು ಒಂದೇ ಒಂದು ಸಲ ಹೇಳಿದ್ದಳು. ಅಷ್ಟು ಸಾಕಾಯಿತು. ಮಗಳನ್ನು ನೋಡಿಕೊಂಡು ಹೋಗಲು ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದು, ಕೊರೊನಾದಿಂದಾಗಿ ಹದಿನೈದು ತಿಂಗಳು ಸಿಕ್ಕಿಬಿದ್ದಿದ್ದ ಮನುಷ್ಯನಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಮರುದಿನವೇ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಅಪರ್ಣಾಳ ಕೆಂಪು ಬಿಂದಿ ಅಂಟಿತು. ಫೋನಿನ ಕ್ಯಾಮೆರಾಕ್ಕೂ ಇನ್ನೊಂದು. ಮೈಸೂರಿನ ತಂಗಿ ವನಜಾಗೆ ವಿಡಿಯೊ ಕಾಲ್‌ನಲ್ಲಿ ಅಣ್ಣನ ಬದಲು ಕೆಂಪು ಕತ್ತಲೆ ಕಾಣತೊಡಗಿತು. ಪಾರ್ಸೆಲ್ ಡಬ್ಬಿಗಳ ವಿಳಾಸದ ಚೀಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಹಿಸುಕಿ, ಗಿಡದ ಬುಡಕ್ಕೆ ಹಾಕುತ್ತಿದ್ದರು. ಒಂದೊಂದು ವೆಬ್‌ಸೈಟಿಗೆ ಒಂದೊಂದು ಹುಟ್ಟಿದ ದಿನ: ದಿನಪತ್ರಿಕೆಯ ಪ್ರಕಾರ ಅವರಿಗೆ ಹತ್ತೊಂಬತ್ತು ವರ್ಷ, ತರಕಾರಿ ಅಂಗಡಿಯ ಪ್ರಕಾರ ನೂರನಾಲ್ಕು. ಐರ್ಲೆಂಡಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂಗಳ ಜಾಗದಲ್ಲಿ ಅವರ ದಿನಕ್ಕೊಂದು ಎಚ್ಚರಿಕೆ ಬರತೊಡಗಿತು.

ಈಗ ಕೈಗೆ ಸಿಕ್ಕಿದ ಕಳ್ಳನನ್ನು ಬಿಡುವುದುಂಟೆ? ಫೋನೆತ್ತಿದರು. ಹೆಂಗಸಿನ ದನಿ, ಐರಿಷ್ ಇಂಗ್ಲಿಷು.

“ಮಿಸ್ಟರ್ ವೆಂಕಾ… ವೆಂಕಟಾ… ಮುರ್ಟಿ ಇದಾರಾ? ನಾನು ಕ್ಲಿನಿಕ್‌ನಿಂದ ಮೋರಾ. ಅವರ ಹುಟ್ಟಿದ ತಾರೀಕು ಒಂಚೂರು ಹೇಳ್ತೀರಾ?”

ಮೂರ್ತಿಗಳ ಮುಖ ಹಬ್ಬದ ಹೋಳಿಗೆಯಂತೆ ಅರಳಿತು. “ಅವರಿಲ್ಲ.”

“ಯಾವಾಗ ಸಿಗ್ತಾರೆ?”

“ಇನ್ನು ಸಿಗೋದಿಲ್ಲ. ತೀರಿಕೊಂಡರು.” ಸತ್ತವನಿಂದ ಯಾರು ತಾನೇ ಏನು ಕದ್ದಾರು ಎಂಬುದು ಅವರಿಗೆ ಆ ಕ್ಷಣಕ್ಕೆ ಹೊಳೆದ ಉಪಾಯ. “ನಾನು ಅವರ ತಮ್ಮ, ಬಸವಣ್ಣ.”

“ಅಯ್ಯೋ ದೇವರೇ. ಯಾವಾಗ ಹೋದರು?”

ಮೂರ್ತಿಗಳು ತಟ್ಟೆಯ ಕಡೆ ನೋಡಿದರು. “ಇವತ್ತು ಬೆಳಿಗ್ಗೆ. ಉಪ್ಪಿಟ್ಟು ತಿಂತಾ.”

ಹೆಂಗಸು ತಡವರಿಸುತ್ತ ಏನೇನೋ ಸಮಾಧಾನ ಹೇಳಿ ಫೋನಿಟ್ಟಳು. ಮೂರ್ತಿಗಳು ಉಳಿದ ಉಪ್ಪಿಟ್ಟನ್ನು ಬಹಳ ರುಚಿಯಿಂದ ಮುಗಿಸಿದರು. ಅಳಿಯನಿಗೆ ಹೇಳೋಣವೆಂದರೆ ಅವನು ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದ.

ಮೋರಾ ಕಳ್ಳಿಯಾಗಿರಲಿಲ್ಲ. ನಿಜವಾಗಿಯೂ ಹತ್ತಿರದ ಕ್ಲಿನಿಕ್ಕಿನವಳು. ಅಷ್ಟೇ ಅಲ್ಲ, ಪಕ್ಕದ ಮನೆಯ ಬರ್ನಿಯ ತಂಗಿ. ರೋಗಿಗಳ ವಿಷಯ ಹೊರಗೆ ಹೇಳಬಾರದೆಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಅಕ್ಕನಿಗೆ ಮಾತ್ರ ಹೇಳಿದಳು.

ಅರ್ಧ ಗಂಟೆಯಲ್ಲಿ ಕರೆಗಂಟೆ ಸದ್ದಾಯಿತು. ಚಳಿಗೆ ಮಂಕಿ ಕ್ಯಾಪು, ಕೊರೊನಾಕ್ಕೆ ಮಾಸ್ಕು, ನಡುವೆ ಎರಡು ಕಣ್ಣು ಮಾತ್ರ ಬಿಟ್ಟುಕೊಂಡು ಮೂರ್ತಿಗಳು ಬಾಗಿಲು ತೆರೆದರು. ಬರ್ನಿ ಹೊಸ್ತಿಲಲ್ಲಿ ಒಂದು ತಟ್ಟೆ ಸ್ಯಾಂಡ್‌ವಿಚ್ ಇಟ್ಟು, ಎರಡು ಮೀಟರ್ ಹಿಂದೆ ಸರಿದು ಕೈಕಟ್ಟಿ ನಿಂತಿದ್ದಳು.

“ಸಾರಿ ಫಾರ್ ಯುವರ್ ಟ್ರಬಲ್,” ಎಂದಳು.

ಸಾವಿನ ಮನೆಯಲ್ಲಿ ಐರಿಷ್ ಜನ ಆಡುವ ಮಾತು ಅದೆಂದು ಮೂರ್ತಿಗಳಿಗೆ ಹೇಗೆ ಗೊತ್ತಾಗಬೇಕು? ನೆನ್ನೆ ಬರ್ನಿಯ ನಾಯಿ ಬಂದು ಅವರ ಕೊತ್ತಂಬರಿ ಕುಂಡ ಕೆದರಿ ಹೋಗಿತ್ತು. ಅದಕ್ಕೇ ಇರಬೇಕು ಎಂದುಕೊಂಡರು.

“ನೋ ಟ್ರಬಲ್ ಅಟ್ ಆಲ್,” ಎಂದು ಉದಾರವಾಗಿ ಕೈ ಬೀಸಿದರು. “ಇದೆಲ್ಲ ಇದ್ದದ್ದೇ. ಹೊಸದು ಬೆಳೆಸಿಕೊಂಡರಾಯಿತು.”

ಬರ್ನಿಯ ಕಣ್ಣು ಒದ್ದೆಯಾಯಿತು. “ನೀವು ಅವರ ತಮ್ಮ ಇರಬೇಕು. ಅದೇ ಕಣ್ಣುಗಳು,” ಎಂದು ಏನೋ ಗೊಣಗಿಕೊಂಡು ಹೋದಳು. ಮಂಕಿ ಕ್ಯಾಪಿನೊಳಗೆ ಅದು ಸರಿಯಾಗಿ ಕೇಳಲಿಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಇನ್ನೆರಡು ತಟ್ಟೆ ಸ್ಯಾಂಡ್‌ವಿಚ್, ಒಂದು ಆಪಲ್ ಟಾರ್ಟ್, ಬಿಳಿ ಹೂವಿನ ಗುಚ್ಛ ಸೇರಿದವು. ಎದುರು ಮನೆಯ ಗಂಡಸು ಟೋಪಿ ತೆಗೆದು ತಲೆ ಬಗ್ಗಿಸಿ ಹೋದ. ಒಂದು ಹಿಡಿ ಕೊತ್ತಂಬರಿಗೆ ಇಷ್ಟು ಮರ್ಯಾದೆ ಮಾಡುವ ಜನರನ್ನು ಮೂರ್ತಿಗಳು ಎಲ್ಲೂ ಕಂಡಿರಲಿಲ್ಲ.

ಸೋಫಾದಲ್ಲಿ ಕೂತು ಫೋನು ತೆರೆದಾಗ ವಿಷಯ ಬೇರೆ ಎಂದು ತಿಳಿಯಿತು. ಎರಡು ಮನೆ ಆಚೆಯ ನೀರಜಾ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಓದಿ ಕನ್ನಡಿಗರ ಗುಂಪಿಗೆ ದಾಟಿಸಿದ್ದಳು. ಗುಂಪು ನಡೆಸುವ ಸತ್ಯಪ್ರಕಾಶ್ ಶ್ರದ್ಧಾಂಜಲಿ ಸಿದ್ಧಮಾಡಿದ್ದ. ಮೂರ್ತಿಗಳು ಎಂದೂ ತಮ್ಮ ಫೋಟೊ ಹಾಕಿದವರಲ್ಲ; ಅವರ ಹೆಸರಿನ ಪಕ್ಕ ಇದ್ದದ್ದು ಒಂದು ಬೀಗದ ಚಿತ್ರ. ಸತ್ಯಪ್ರಕಾಶ್ ಆ ಬೀಗಕ್ಕೇ ಗಂಧದ ಹಾರ ಹಾಕಿದ್ದ. ಕೆಳಗೆ ನಲವತ್ತಮೂರು ಓಂ ಶಾಂತಿ. ‘ನಮ್ಮೆಲ್ಲರ ಪಾಸ್‌ವರ್ಡುಗಳ ಕಾವಲುಗಾರ’ ಎಂದು ಡನ್‌ಡಾಕಿನ ಮಿಥುನ್ ಬರೆದಿದ್ದ. ಮೂರ್ತಿಗಳು ಅದನ್ನು ಎರಡು ಸಲ ಓದಿದರು, ಚೆನ್ನಾಗಿತ್ತು. ಆಮೇಲೆ ‘ನಾನು ಬದುಕಿದ್ದೇನೆ’ ಎಂದು ಟೈಪು ಮಾಡಿದರು.

ನಂತರ ಸತ್ಯಪ್ರಕಾಶ್ ಬರೆದ: ‘ಎಲ್ಲರ ಗಮನಕ್ಕೆ. ಮೂರ್ತಿ ಸಾರ್ ಫೋನ್ ಹ್ಯಾಕ್ ಆಗಿದೆ. ಅವರೇ ಕಲಿಸಿದ ಹಾಗೆ, ಉತ್ತರ ಕೊಡಬೇಡಿ.’ ಮರುಕ್ಷಣ ಮೂರ್ತಿಗಳನ್ನು ಗುಂಪಿನಿಂದ ಹೊರಗೆ ಹಾಕಿದ.

ಅವರು ಫೋನು ಮಾಡಿದರು. “ಸತ್ಯಪ್ರಕಾಶ್, ನಾನಪ್ಪ, ವೆಂಕಟೇಶಮೂರ್ತಿ.”

“ವಾಯ್ಸ್ ಕೂಡ ಕದ್ದಿದೀರಾ,” ಎಂದ ಅವನು ನೋವಿನಿಂದ. “ಇವತ್ತು ಒಂದಿನನಾದ್ರೂ ಆ ಮನುಷ್ಯನ್ನ ಬಿಡಿ. ಆಗ್ಲಿ, ನೀವು ಸಾರೇ ಆಗಿದ್ರೆ ಡೇಟ್ ಆಫ್ ಬರ್ತ್ ಹೇಳಿ.”

ಗುಂಪಿನ ಪಟ್ಟಿಗೆ ಯಾವ ತಾರೀಕು ಕೊಟ್ಟಿದ್ದರೋ ಮೂರ್ತಿಗಳಿಗೆ ನೆನಪಾಗಲಿಲ್ಲ. “ಜುಲೈ?” ಎಂದರು. ಸತ್ಯಪ್ರಕಾಶ್ ಫೋನು ಕತ್ತರಿಸಿದ.

ಅಷ್ಟರಲ್ಲಿ ಅಶ್ವಿನ್ ಊಟಕ್ಕೆಂದು ಕೆಳಗಿಳಿದು ಬಂದ. “ಮಾವ, ಇಷ್ಟೊಂದು ಸ್ಯಾಂಡ್‌ವಿಚ್ ಯಾರು ಆರ್ಡರ್ ಮಾಡಿದ್ದು?” ಎನ್ನುವಾಗಲೇ ಅವನ ಕೈಯಲ್ಲಿದ್ದ ಫೋನು ರಿಂಗಾಯಿತು. ಆಸ್ಪತ್ರೆಯಿಂದ ಅಪರ್ಣಾ. ಸುದ್ದಿ ಅಲ್ಲಿಗೂ ಮುಟ್ಟಿ, ವಾರ್ಡಿನ ನರ್ಸುಗಳೆಲ್ಲ ಸೇರಿ ತನ್ನನ್ನು ತಬ್ಬಿಕೊಳ್ಳಲಾಗದೆ ದೂರದಿಂದ ಅಳುತ್ತಿದ್ದಾರೆ ಎಂದಳು. ಮೂರ್ತಿಗಳು ನಡೆದದ್ದನ್ನು ಒಪ್ಪಿಕೊಂಡರು.

“ಅಪ್ಪ, ಅದು ವ್ಯಾಕ್ಸೀನ್ ಫೋನ್,” ಎಂದಳು ಅಪರ್ಣಾ. “ನಿಮ್ಮ ಹೆಸರು ನಾನೇ ಬರೆಸಿದ್ದೆ. ಡ್ಯೂಟಿ ಗಲಾಟೇಲಿ ನಿಮಗೆ ಹೇಳೋದು ಮರೆತೆ. ಅದು ಹಾಕಿಸ್ಕೊಳ್ಳದೆ ನಿಮ್ಮನ್ನ ವಿಮಾನ ಹತ್ತಿಸೋದಿಲ್ಲ ಅಂತ ಹೇಳಿದ್ದೆ ತಾನೇ?”

ಮೂರ್ತಿಗಳಿಗೆ ಮೈಸೂರಿನ ಮನೆ, ವನಜಾ, ಬೆಳಗಿನ ವಾಕಿಂಗು ಎಲ್ಲವೂ ಕಣ್ಣೆದುರೇ ದೂರ ಸರಿದಂತಾಯಿತು. ಅಶ್ವಿನ್ ಅವರನ್ನು ಕಾರಿಗೆ ತುಂಬಿಕೊಂಡು ಕ್ಲಿನಿಕ್ಕಿಗೆ ಓಡಿಸಿದ.

ಗಾಜಿನ ಹಿಂದೆ ಕೂತಿದ್ದ ಮೋರಾ ಪಾಸ್‌ಪೋರ್ಟು ನೋಡಿ, ಮುಖ ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ನಿಮ್ಮನ್ನ ಕಂಪ್ಯೂಟರ್‌ನಲ್ಲಿ ಸಾಯಿಸೋಕೆ ಎರಡು ನಿಮಿಷ ಸಾಕಾಯ್ತು,” ಎಂದಳು, “ಬದುಕಿಸೋಕೆ ಮ್ಯಾನೇಜರ್ ಬರಬೇಕು. ನಾಳೆ ಒಂದು ಜಾಗ ಖಾಲಿ ಇದೆ. ಐದು ಗಂಟೆ ಒಳಗೆ ಫೋನ್ ಮಾಡ್ತೀನಿ. ಈ ಸಲ ಕೇಳಿದ್ದಕ್ಕೆಲ್ಲ ಉತ್ತರ ಕೊಡಿ, ಆಯ್ತಾ?”

“ಕೊಡ್ತಾರೆ,” ಎಂದ ಅಶ್ವಿನ್. ದಾರಿಯುದ್ದಕ್ಕೂ ಅದನ್ನೇ ಹೇಳಿದ. ಅಪರ್ಣಾ ಮತ್ತೆ ಫೋನು ಮಾಡಿ ಅದನ್ನೇ ಹೇಳಿದಳು.

ಮೂರ್ತಿಗಳು ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಪಾಸ್‌ಪೋರ್ಟು ಬಿಡಿಸಿಟ್ಟು, ಪರೀಕ್ಷೆಗೆ ಕೂತ ಹುಡುಗನಂತೆ ಕಾದರು. ನಾಲ್ಕು ನಲವತ್ತಕ್ಕೆ ಅದು ರಿಂಗಾಯಿತು. ಹೆಂಗಸಿನ ದನಿ. ಹೆಸರು ಕೇಳಿದಳು, ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ಹುಟ್ಟಿದ ತಾರೀಕು ಕೇಳಿದಳು. ಎರಡು ತಿಂಗಳಲ್ಲಿ ಮೊದಲ ಸಲ ನಿಜವಾದದ್ದನ್ನು ಹೇಳಿದರು, ಮೈ ಹಗುರಾಯಿತು. ಪಾಸ್‌ಪೋರ್ಟ್ ನಂಬರು, ಇಮೇಲು, ತಾಯಿಯ ಹೆಸರು, ಎಲ್ಲ ಕೊಟ್ಟರು. ಈಗ ನಿಮ್ಮ ಫೋನಿಗೆ ಆರಂಕಿಯ ಕೋಡು ಬರುತ್ತೆ, ಓದಿ ಹೇಳಿ ಎಂದಳು. ತಪ್ಪಾಗಬಾರದೆಂದು ಎರಡು ಸಲ ಓದಿದರು.

“ಗ್ರ್ಯಾಂಡ್, ಎಲ್ಲ ಸರಿಯಾಯ್ತು,” ಎಂದು ಅವಳು ಫೋನಿಟ್ಟಳು.

ಮೂರ್ತಿಗಳು ಹಿಂದಕ್ಕೊರಗಿ ಒಂದು ಸ್ಯಾಂಡ್‌ವಿಚ್ ಬಾಯಿಗಿಡುತ್ತಿದ್ದರು. ಫೋನು ಮತ್ತೆ ರಿಂಗಾಯಿತು.

“ಮಿಸ್ಟರ್ ಮುರ್ಟಿ, ನಾನು ಮೋರಾ. ಮ್ಯಾನೇಜರ್ ಈಗಷ್ಟೇ ಬಂದ್ರು, ತಡವಾಯ್ತು. ನಿಮ್ಮ ಹುಟ್ಟಿದ ತಾರೀಕು ಹೇಳ್ತೀರಾ?”

“ಈಗ ತಾನೇ ಎಲ್ಲಾ ಹೇಳಿದ್ನಲ್ಲಮ್ಮಾ,” ಎಂದರು ಮೂರ್ತಿಗಳು.

“ಯಾರಿಗೆ?” ಎಂದಳು ಮೋರಾ.