‘ಏನೂಂದ್ರೆ’ ಎಂಬ ಗೌರವವಾಚಕ

ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ದಿನವೇ, ತಾನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳೆಂದು ಇಡೀ ತರಗತಿಯನ್ನು ನಂಬಿಸಿಯೇ ತೀರುತ್ತೇನೆ ಎಂದು ಕನಸಮ್ಮ ಪಣ ತೊಟ್ಟಿದ್ದಳು. ಕೂತಲ್ಲೇ ತೇಲಿಹೋಗುವ ಮಗಳಿಗೆ ಅಪ್ಪ ಇಟ್ಟ ಅಡ್ಡಹೆಸರು ಅದು. ಬಾಲ್ಯವೆಲ್ಲ ಹೊರದೇಶದಲ್ಲಿ ಕಳೆದಿತ್ತು. ಅಲ್ಲಿನ ಶಾಲೆಗೆ ಅವಳು ಕೊನೆಯವರೆಗೂ ಹೊರಗಿನ ಹುಡುಗಿಯೇ. ಇಲ್ಲಿಯೂ ಹೊರಗಿನವಳೇ ಆಗಿಬಿಟ್ಟರೆ ತನ್ನವರು ಅನ್ನುವವರು ಇನ್ನೆಲ್ಲಿ ಸಿಗಬೇಕು ಎಂಬ ದಿಗಿಲು ಒಳಗೊಳಗೇ ಇತ್ತು.

“ನನ್ನ ಕನ್ನಡ ಕೇಳಿ ಅವರೇ ನಾಚ್ಕೋಬೇಕು, ನೋಡ್ತಿರಮ್ಮ” ಎಂದು ಹೊರಡುವಾಗ ಜಂಬ ಕೊಚ್ಚಿದ್ದಳು.

ಜಂಬದಲ್ಲಿ ಸುಳ್ಳಿರಲಿಲ್ಲ. ಅಮ್ಮ ಮನೆಯೊಳಗೆ ಬೇರೆ ಭಾಷೆಯನ್ನು ಹೊಸಿಲು ದಾಟಲು ಬಿಟ್ಟವಳಲ್ಲ. ಆದರೆ ಆ ಊರಿಗೆಲ್ಲ ಕನ್ನಡ ಬಲ್ಲವರು ಇವರು ಮೂವರೇ. ದೊಡ್ಡ ಗಂಡಸರನ್ನು ಮರ್ಯಾದೆಯಿಂದ ಹೇಗೆ ಕರೆಯಬೇಕು ಎಂಬುದನ್ನು ಅವಳು ಕಲಿತದ್ದು, ಅಮ್ಮ ಅಪ್ಪನನ್ನು ಕರೆಯುವುದನ್ನು ಕೇಳಿ.

ಗೇಟಿನಲ್ಲಿ ಮುದಿ ಕಾವಲುಗಾರ ನಿಂತಿದ್ದ.

“ಏನೂಂದ್ರೆ, ಮೊದಲನೇ ವರ್ಷದ ಕ್ಲಾಸು ಎಲ್ಲಿ?”

ಮುದುಕ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೀಸೆ ತೀಡಿಕೊಂಡು, ಕೋಣೆಯ ಬಾಗಿಲವರೆಗೂ ತಾನೇ ಬಂದು ಬಿಟ್ಟುಹೋದ.

ಉದ್ದನೆಯ ಕಾರಿಡಾರಿನ ಕಿಟಕಿಗಳಿಂದ ಬಿಸಿಲು ಇಳಿದು, ಧೂಳೂ ಬಂಗಾರದಂತೆ ತೇಲುತ್ತಿತ್ತು. ಸುತ್ತಲೂ ಕನ್ನಡ. ಜಗಳದ ಕನ್ನಡ, ಗುಸುಗುಸು ಕನ್ನಡ, ಬಾಯ್ತುಂಬ ನಗುವ ಕನ್ನಡ. ಅಪ್ಪ ಅಮ್ಮನ ಬಾಯಲ್ಲಷ್ಟೇ ಕೇಳಿದ್ದ ಮಾತನ್ನು ಗುರುತಿಲ್ಲದವರು ಇಷ್ಟು ಧಾರಾಳವಾಗಿ ಚೆಲ್ಲಾಡುವುದನ್ನು ಕಂಡು ಅವಳ ಕಣ್ಣು ತುಂಬಿ ಬಂತು. ಅದೇ ಗುಂಗಿನಲ್ಲಿ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು.

ಮೇಷ್ಟ್ರು ಎಳೆಯ ವಯಸ್ಸಿನವರು, ಹೊಸದಾಗಿ ಕೆಲಸಕ್ಕೆ ಸೇರಿದವರು. ಭಯಕ್ಕೋ ಏನೋ ಗಡಗಡನೆ ಪಾಠ ಓಡಿಸುತ್ತಿದ್ದರು. ಕನಸಮ್ಮ ಎದ್ದು ನಿಂತಳು.

“ಏನೂಂದ್ರೆ, ಸ್ವಲ್ಪ ನಿಧಾನವಾಗಿ ಹೇಳ್ತೀರಾ?”

ಸೀಮೆಸುಣ್ಣ ಎರಡು ತುಂಡಾಯಿತು. ಮೇಷ್ಟ್ರು ಬೋರ್ಡಿನಿಂದ ಮುಖ ತಿರುಗಿಸಲೇ ಇಲ್ಲ.

“ಕೇಳಿಸ್ತಾ? ನಿಮಗೇ ಹೇಳ್ತಿರೋದು. ತಲೆಯೆಲ್ಲ ಸುಣ್ಣ ಆಗಿದೆ, ಒರೆಸ್ಕೊಳ್ಳಿ.”

ಮೇಷ್ಟ್ರು ತೆಪ್ಪಗೆ ಒರೆಸಿಕೊಂಡರು. ತರಗತಿಯೆಲ್ಲ ಕತ್ತು ಉದ್ದ ಮಾಡಿ ಇವಳನ್ನೇ ನೋಡುತ್ತಿತ್ತು. ತನ್ನ ಅಚ್ಚಗನ್ನಡಕ್ಕೆ ಸಂದ ಗೌರವ ಇದು ಎಂದುಕೊಂಡು ಕನಸಮ್ಮ ಮತ್ತೆ ತೇಲಿಹೋದಳು.

ಗಂಟೆ ಹೊಡೆದದ್ದೇ ಮೇಷ್ಟ್ರು ಪರಾರಿ. ಮೇಜಿನ ಮೇಲೆ ಅವರ ಕನ್ನಡಕ ಉಳಿದಿತ್ತು. ಕನಸಮ್ಮ ಅದನ್ನೆತ್ತಿಕೊಂಡು ಹಿಂದೆಯೇ ಓಡಿದಳು.

“ಏನೂಂದ್ರೆ! ದಿನಾ ಇದೇ ಆಯ್ತು ನಿಮ್ದು. ಕನ್ನಡಕ ಬಿಟ್ಟು ಹೊರಟ್ರಲ್ಲ.”

ಅಮ್ಮ ಹೇಳುತ್ತಿದ್ದುದನ್ನು ಒಂದಕ್ಷರ ಬಿಡದೆ ಒಪ್ಪಿಸಿದ್ದಳು. ಬಾಗಿಲಲ್ಲೇ ನಿಂತಿದ್ದ ವಿಭಾಗದ ಮುಖ್ಯಸ್ಥರು ಮೇಷ್ಟ್ರ ಬೆನ್ನು ತಟ್ಟಿದರು. “ಮದುವೆ ಯಾವಾಗ ಆಯ್ತಪ್ಪಾ? ನಮಗೆ ಊಟಾನೂ ಹಾಕಿಸ್ಲಿಲ್ಲ.”

ಮೇಷ್ಟ್ರು ಕನ್ನಡಕ ಕಸಿದುಕೊಂಡು ಓಟ ಕಿತ್ತರು. ಕನಸಮ್ಮನಿಗೆ ಎಲ್ಲೋ ಎಡವಟ್ಟಾಗಿದೆ ಎನ್ನಿಸಿದ್ದು ಆಗಲೇ. ಮೆಟ್ಟಿಲ ಕೆಳಗೆ ನಿಂತು ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ನಕ್ಕು ನಕ್ಕು ಸುಸ್ತಾದಳು.

“ಅದು ಗಂಡನ್ನ ಕರೆಯೋದು ಕಣೇ!”

“ಮತ್ತೆ ಮೇಷ್ಟ್ರನ್ನ ಏನನ್ಬೇಕಮ್ಮ?”

“ಸರ್ ಅನ್ನು.”

“ಅದು ಕನ್ನಡಾನಾ?”

“ಕಾಲೇಜಲ್ಲಿ ಅದೇ ಕನ್ನಡ.”

ಮರುದಿನ ತಲೆ ತಗ್ಗಿಸಿಕೊಂಡೇ ಬಂದಳು. ಕಟ್ಟಿಕೊಂಡ ಕನಸೆಲ್ಲ ಮಣ್ಣುಪಾಲಾಗಿತ್ತು. ಪಕ್ಕದಲ್ಲಿ ಕೂತ ಹುಡುಗಿ ಯಾಕೋ ಬೆಂಚಿನ ತುದಿಗೆ ಸರಿದು ಅದಬಿನಿಂದ ಜಾಗ ಬಿಟ್ಟಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಕನಸಮ್ಮ ಬಾಯಿಬಿಟ್ಟಳು.

“ನಾನು ಬೆಳೆದಿದ್ದು ಹೊರದೇಶದಲ್ಲಿ. ನಿಮಗೆಲ್ಲ ನೆನ್ನೇನೇ ಗೊತ್ತಾಗಿರಬೇಕು.”

ಹುಡುಗಿ ಕಣ್ಣರಳಿಸಿದಳು.

“ಹೌದಾ? ಒಬ್ರಿಗೂ ಅನುಮಾನ ಬರ್ಲಿಲ್ಲ. ಪಾಪ, ಕ್ಲಾಸಿಗೂ ಹೆಂಡ್ತಿ ಬಂದು ಕೂತ್ರೆ ಮೇಷ್ಟ್ರು ಹೇಗೆ ಪಾಠ ಮಾಡ್ತಾರೆ ಅಂತ ನಾವೆಲ್ಲ ಮರುಗ್ತಾ ಇದ್ವಿ.”