ಮೊಡವೆಗೊಂದು ಹಾಜರಿ

ಕನ್ನಡಿ ನೋಡಿದ ಮರಿಗುಮಾಸ್ತನ ಎದೆ ಧಸಕ್ಕೆಂದಿತು. ಮೂಗಿನ ತುದಿಯಲ್ಲೊಂದು ಮೊಡವೆ, ಸ್ವಂತ ಮನೆ ಕಟ್ಟಿಕೊಂಡವರ ಗತ್ತಿನಲ್ಲಿ ಕೂತಿತ್ತು.

ಬಂದದ್ದಾದರೂ ಎಂಥ ದಿನ! ಅವನ ನೀರು ಸರಬರಾಜು ಕಚೇರಿಗೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದಿತ್ತು. ಮಧ್ಯಾಹ್ನ ಎಲ್ಲರ ಫೋಟೊ. ಒಮ್ಮೆ ತೆಗೆದದ್ದನ್ನು ವರ್ಷವಿಡೀ ಬದಲಿಸುವಂತಿಲ್ಲ. ದಿನಾ ಬೆಳಿಗ್ಗೆ ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುತ್ತಾರೆ. ಎಲ್ಲರೂ ನೋಡಿಕೊಳ್ಳಲಿ, ಎದುರು ಮೇಜಿನ ಟೈಪಿಸ್ಟ್ ನೋಡಿಬಿಟ್ಟರೆ? ಅವಳೊಡನೆ ನಾಲ್ಕು ಮಾತಾಡುವ ಧೈರ್ಯವೇ ಅವನಿಗಿನ್ನೂ ಬಂದಿರಲಿಲ್ಲ.

"ಕರಿದದ್ದು ತಿಂದಿರ್ತೀಯ," ಎಂದರು ಕಚೇರಿಯಲ್ಲಿ ಅವನನ್ನು ಕಂಡೊಡನೆ ಹೆಡ್ ಕ್ಲರ್ಕಮ್ಮ.

"ಇಲ್ಲ ಮೇಡಂ."

"ಹಾಗಾದ್ರೆ ಮುಖ ತೊಳೆದಿರಲ್ಲ. ತಗೋ, ಟೂತ್‌ಪೇಸ್ಟ್ ಹಚ್ಚು. ಹಲ್ಲನ್ನೇ ಬೆಳ್ಳಗೆ ಮಾಡೋದು, ಮೂಗು ಯಾವ ಲೆಕ್ಕ?"

ಹಚ್ಚಿದ. ಮೂಗು ಧಗಧಗ ಉರಿಯಿತು. ನಿಂಬೆರಸ ಹಿಂಡಿದರು. ಅವನು ಕೂತಲ್ಲೇ ಕುಣಿದ. ಅಷ್ಟರಲ್ಲಿ ಪಂಪ್ ಮೆಕ್ಯಾನಿಕ್ ತೋಳೇರಿಸಿ ಬಂದ.

"ಸರೀರಿ, ಇದು ನಮ್ಮ ಇಲಾಖೆ ಕೆಲಸ! ಪೈಪ್ ಕಟ್ಕೊಂಡ್ರೆ ಏನ್ಮಾಡ್ತೀವಿ? ಒತ್ತಡ ಕೊಡ್ತೀವಿ!"

ಎರಡೂ ಹೆಬ್ಬೆರಳಿನಿಂದ ಒತ್ತಡ ಕೊಟ್ಟೇಬಿಟ್ಟ. ಮರಿಗುಮಾಸ್ತನ ಕೂಗು ಓವರ್‌ಹೆಡ್ ಟ್ಯಾಂಕಿಗೆ ಮುಟ್ಟಿತು. ಫೋಟೊ ಹೊತ್ತಿಗೆ ಮೂಗು ಹಣ್ಣಾದ ಟೊಮೆಟೊ.

ಸಂಜೆ ಚರ್ಮದ ಡಾಕ್ಟರು ನಗದೆ ನೋಡಿದರು. ಅಷ್ಟಕ್ಕೇ ಅವನ ಕಣ್ಣು ತುಂಬಿತು.

"ತಪ್ಪು ನಿಮ್ಮದಲ್ಲಪ್ಪ. ಹಾರ್ಮೋನಿನಿಂದ ಎಣ್ಣೆ ಜಾಸ್ತಿಯಾಗುತ್ತೆ, ಸತ್ತ ಚರ್ಮ ಸೇರಿ ರಂಧ್ರ ಮುಚ್ಚುತ್ತೆ, ಒಳಗೆ ಕ್ರಿಮಿ ಸಂಸಾರ ಹೂಡುತ್ತೆ. ಹಿಸುಕಿದ್ರೆ ಒಳಗೇ ಒಡೆದು ಊತ ಬರುತ್ತೆ. ದಿನಕ್ಕೆರಡು ಸಲ ಮೆತ್ತಗೆ ಮುಖ ತೊಳೀರಿ, ಈ ಮುಲಾಮು ತೆಳ್ಳಗೆ ಹಚ್ಚಿ. ಜಿಡ್ಡಿನದ್ದೇನೂ ಬಳೀಬೇಡಿ. ಒಂದೆರಡು ತಿಂಗಳು ತಾಳ್ಮೆ ಇರಲಿ."

ತಾಳ್ಮೆ ಫಲಿಸಿತು. ಯಂತ್ರಕ್ಕೆ ವೈರು ಎಳೆಯುವುದಕ್ಕೂ ಅಷ್ಟೇ ಕಾಲ ಹಿಡಿಯಿತು. ಮೊದಲ ದಿನ ನುಣ್ಣನೆಯ ಮೂಗು ಹೊತ್ತು ಅವನು ಎದುರು ನಿಂತರೆ ಯಂತ್ರ ಗದರಿತು: "ಅಪರಿಚಿತ ವ್ಯಕ್ತಿ. ಹಿಂದೆ ಸರಿಯಿರಿ."

"ಫೋಟೊ ಬದಲಾಗಲ್ಲ," ಎಂದರು ಸಾಹೇಬರು. "ಮೂಗು ಬದಲಾಯಿಸಿಕೊಳ್ಳಿ."

ಅವನು ಅಳುವುದೊಂದು ಬಾಕಿ. ಆಗ ಟೈಪಿಸ್ಟ್ ಎದ್ದು ಬಂದಳು.

"ಅಲ್ಲಾಡ್ಬೇಡಿ," ಎಂದವಳೇ ಮೂಗಿನ ತುದಿಗೆ ಮೇಣದುಂಡೆ ಅಂಟಿಸಿ, ಮೇಲೆ ಲಿಪ್‌ಸ್ಟಿಕ್ ಬಳಿದಳು. ಯಂತ್ರ ಅರಳಿತು: "ಸುಸ್ವಾಗತ!"

ಅಂದಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಅವಳು ಬಾಗಿ ಬಳಿಯುವಳು, ಇವನು ಉಸಿರು ಬಿಗಿಹಿಡಿಯುವನು. ನಾಲ್ಕು ಮಾತು ನಲವತ್ತಾದವು. ಭಾನುವಾರ ಬಂದರೆ ಅವನಿಗೆ ಬೇಸರ.

ಒಂದು ಸೋಮವಾರ ಅವಳು ಲಿಪ್‌ಸ್ಟಿಕ್ ತೆರೆದವಳೇ ನಿಂತಳು.

"ಅರೆ! ಇದು ನಿಜವಾದದ್ದು!"

ಮೇಣವೂ ಲಿಪ್‌ಸ್ಟಿಕ್ಕಿನ ಜಿಡ್ಡೂ ಸೇರಿ ರಂಧ್ರ ಮುಚ್ಚಿ, ಮೊಡವೆ ಹಳೆಯ ವಿಳಾಸಕ್ಕೇ ಮರಳಿತ್ತು. ಯಂತ್ರ ಅವನನ್ನು ದೂರದಿಂದಲೇ ಗುರುತಿಸಿತು. ಕಚೇರಿಯವರೆಲ್ಲ ಚಪ್ಪಾಳೆ ತಟ್ಟಿದರು.

"ಸದ್ಯ, ಇನ್ನು ನನ್ನ ಕೆಲಸ ಮುಗೀತು," ಎಂದು ಟೈಪಿಸ್ಟ್ ನಕ್ಕು, ಲಿಪ್‌ಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋಗಿ ಕೂತಳು.

ಸಂಜೆ ಮರಿಗುಮಾಸ್ತ ಏದುಸಿರು ಬಿಡುತ್ತ ಡಾಕ್ಟರ ಮುಂದೆ ನಿಂತಿದ್ದ.

"ಬೇಗ ವಾಸಿ ಮಾಡಿ ಡಾಕ್ಟ್ರೇ! ಲಿಪ್‌ಸ್ಟಿಕ್ ಹಚ್ಚಿಸ್ಕೋಬೇಕು!"