ಅಳದ ಮಗು, ನಂಬದ ಅಜ್ಜಿ

ಹೆಮ್ಮೆ ಪಡುವುದಕ್ಕೆ ನನ್ನದು ಅಷ್ಟು ಅನುಕೂಲವಾದ ಉದ್ಯೋಗವಲ್ಲ. ನಾನು ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ನನ್ನ ಕೆಲಸ ಚೆನ್ನಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಮಾತ್ರ ಇಡೀ ವಾರ್ಡಿಗೆ ಕೇಳಿಸುತ್ತದೆ. ಆದರೂ ಒಂದು ದಿನ ಎದೆಯುಬ್ಬಿಸಿಕೊಂಡು ಓಡಾಡಿದೆ. ಅದನ್ನು ಹೇಳದೆ ಇರಲಾರೆ.

ಹುಳಿಯಾರು ಕಡೆಯ ಆರು ವರ್ಷದ ಸಿಂಚನಳಿಗೆ ತೊಡೆಸಂದಿನ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಕಾಯಿ ಸುಲಿಸುವುದನ್ನು ಅರ್ಧಕ್ಕೇ ಬಿಟ್ಟು ಜೊತೆಗೆ ಬಂದಿದ್ದ ಅವಳ ಅಜ್ಜಿ ಗಂಗಮ್ಮ ನನ್ನನ್ನು ತಡೆದು ನಿಲ್ಲಿಸಿದರು. "ಇವಳಪ್ಪಂಗೂ ಚಿಕ್ಕವನಿದ್ದಾಗ ಇದೇ ಆಪರೇಷನ್ ಆಗಿತ್ತು ಕಣಪ್ಪ. ಅವನು ಅತ್ತಿದ್ದು ಇನ್ನೂ ನನ್ನ ಕಿವೀಲೈತೆ. ಇವಳೂ ಅತ್ರೆ ನನ್ ಕೈಲಿ ತಡ್ಕಳಕ್ಕಾಗಲ್ಲ."

ಎದ್ದ ಮೇಲೆ ಗಾಯ ನೋಯದಂತೆ ಮಾಡಲು ನನ್ನ ಮುಂದೆ ಎರಡು ದಾರಿಗಳಿದ್ದವು. ಮಗುವಿಗೆ ನಿದ್ದೆ ಬಂದ ಮೇಲೆ ಬೆನ್ನಿನ ತುದಿಯಲ್ಲಿ ಕೊಡುವ ಕಾಡಲ್ ಬ್ಲಾಕ್ ಎಂಬ ಚುಚ್ಚುಮದ್ದು ನನ್ನ ಹಳೆಯ ಗೆಳೆಯ. ಕೈಕೊಡುವುದು ಅಪರೂಪ, ಆದರೆ ಸೊಂಟದ ಕೆಳಗೆಲ್ಲ ಜೋಮು ಹಿಡಿಸಿ ಕಾಲನ್ನೂ ಸ್ವಲ್ಪ ಹೊತ್ತು ಸೋಲಿಸಬಲ್ಲದು. ಇನ್ನೊಂದು, ಸ್ಕ್ಯಾನ್ ಪರದೆ ನೋಡಿಕೊಂಡು ಹೊಟ್ಟೆಯ ಪಕ್ಕದಲ್ಲಿ, ಗಾಯದ ಜಾಗದ ನರಗಳ ಬಳಿ ಮಾತ್ರ ಮದ್ದು ಬಿಡುವುದು. ಕಾಲಿಗೆ ಬಾಧೆ ಕಡಿಮೆ. ಆದರೆ ಸೂಜಿ ಚೂರು ಆಚೀಚೆಯಾದರೆ ಮದ್ದು ಮಾಂಸಕ್ಕೆ, ಅಳು ಕಿವಿಗೆ. ನಾನು ಹಳೆಯ ಗೆಳೆಯನಿಗೇ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಸಿಂಚನ ನನ್ನ ಕೋಟು ಜಗ್ಗಿ ಗುಟ್ಟಾಗಿ ಕೇಳಿದಳು: "ಎದ್ಮೇಲೆ ಬಾತ್‌ರೂಮಿಗೆ ನಾನೇ ನಡ್ಕೊಂಡು ಹೋಗ್ಬೋದಾ? ಹಾಸಿಗೇಲಿ ಮಾಡಲ್ಲ ನಾನು. ಒಂದನೇ ಕ್ಲಾಸು."

ಒಂದನೇ ಕ್ಲಾಸಿನ ಮರ್ಯಾದೆಯ ಪ್ರಶ್ನೆ! ಅವಳ ತಂದೆತಾಯಿಗೆ ವಿವರಿಸಿ, ಎರಡನೆಯ ದಾರಿ ಹಿಡಿದೆ. ಪರದೆಯ ಮೇಲೆ ಮಾಂಸದ ಪದರಗಳ ನಡುವೆ ಮದ್ದು ಕಪ್ಪಗೆ, ಸರಿಯಾಗಿ ಹರಡಿಕೊಂಡಾಗ ಮಾಸ್ಕಿನೊಳಗೇ ನಕ್ಕೆ. ಆದರೂ ಅವಳು ಕಣ್ಣು ಬಿಡುವವರೆಗೆ ನನಗೆ ಜೀವದಲ್ಲಿ ಜೀವವಿರಲಿಲ್ಲ. ಕಣ್ಣು ಬಿಟ್ಟವಳು ಅಳಲಿಲ್ಲ, ಬಿಸ್ಕತ್ತು ಕೇಳಿದಳು.

ಗಂಗಮ್ಮನಿಗೆ ಗಾಬರಿ. "ಮಗು ಅಳ್ತಾನೇ ಇಲ್ವಲ್ರೀ! ಆಪರೇಷನ್ ಮಾಡಿದೀರೋ, ಹಂಗೇ ಕರ್ಕೊಂಬಂದ್ರೋ?" ಎಂದು ಹೊದಿಕೆ ಸರಿಸಿ, ಪ್ಲಾಸ್ಟರು ಕಂಡ ಮೇಲೆಯೇ ಸುಮ್ಮನಾದರು. ಸಂಜೆ ಸಿಂಚನ ಅಜ್ಜಿಯ ಕೈ ಹಿಡಿದು, ಬಲು ಗಂಭೀರವಾಗಿ, ಬಾತ್‌ರೂಮಿಗೆ ನಡೆದಳು. ವಾಪಸು ಬಂದ ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅದೇನ್ ಮಾಡ್ದೆ ಕಣಪ್ಪ, ನಂಗೂ ಒಸಿ ಹೇಳು" ಎಂದರು.

ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ! ಸ್ಟೂಲು ಎಳೆದುಕೊಂಡು ಕೂತೆ. ಕಾಗದದ ಮೇಲೆ ನರಗಳನ್ನು ಬರೆದು, ಎರಡೂ ವಿಧಾನಗಳ ಗುಣದೋಷಗಳನ್ನು ಒಂದೊಂದಾಗಿ ತೂಗಿ ತೋರಿಸಿದೆ. ಮೈಮರೆತು ಮೂರನೆಯ ನರಕ್ಕೆ ಬಂದಾಗ ಸಿಂಚನ ತುಟಿಗೆ ಬೆರಳಿಟ್ಟಳು. "ಶ್! ಅಜ್ಜಿ ಮಲ್ಕೊಂಡವ್ರೆ."

ನಿಜ. ಬೆಳಗಿನಿಂದ ಹೆದರಿ ದಣಿದಿದ್ದ ಜೀವ ಗೋಡೆಗೊರಗಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿತ್ತು. ಒಂದು ಹನಿ ಮದ್ದಿಲ್ಲದೆ ನಾನು ಒಬ್ಬರನ್ನು ಮಲಗಿಸಿದ್ದು ಅದೇ ಮೊದಲು. ಸದ್ದಾಗದಂತೆ ಎದ್ದು ಬಂದೆ. ಅದಕ್ಕೂ ಒಂದಿಷ್ಟು ಹೆಮ್ಮೆಪಟ್ಟೆ.